ರಾಯಚೂರು ಕೃಷಿ ವಿ.ವಿ.ಯ ತೊಗರಿ ಸಂಶೋಧನೆ: ಹೊಲದಲ್ಲಿ ನಿಂತದ್ದು ಯಾವುದು, ನಿಲ್ಲದ್ದು ಯಾವುದು, ಯಾಕೆ?

ಎರಿಹೊಲ (ಕಲಬುರಗಿ)

2009ರಲ್ಲಿ ಧಾರವಾಡದಿಂದ ಬೇರೆಯಾದ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೆಲಸದಲ್ಲಿ ನಮ್ಮ ಮೂರು ಜಿಲ್ಲೆಗಳಿಗೆ ನೇರವಾಗಿ ತಟ್ಟಿದ್ದು ತೊಗರಿ. ಕಲಬುರಗಿ ಸಂಶೋಧನಾ ಕೇಂದ್ರದ ಟಿಎಸ್-3ಆರ್ ತಳಿ, ಆಮೇಲೆ ಜಿಆರ್‌ಜಿ-811, ಜಿಆರ್‌ಜಿ-152 ತಳಿಗಳು, ಕುಡಿ ಚಿವುಟುವ ಶಿಫಾರಸು, ಹೂವಿನ ಹೊತ್ತಿಗೆ ಹೊಡೆಯುವ ಪಲ್ಸ್ ಮ್ಯಾಜಿಕ್ ಎಂಬ ಪೋಷಕಾಂಶ ಮಿಶ್ರಣ, ಬೀದರ್ ಕಡೆ ಹಬ್ಬಿದ, ಚೀಲದಲ್ಲಿ ಸಸಿ ಮಾಡಿ ನೆಡುವ ನಾಟಿ ಪದ್ಧತಿ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಸೂಚಿಯೂ ಸಿಕ್ಕಿತು.

ಆದರೆ 2022-23ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಕಾಯಿ ಕಟ್ಟುವ ಹೊತ್ತಿಗೆ ಹೊಲಕ್ಕೆ ಹೊಲವೇ ಒಣಗಿತು, ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ಒಣಗಿದ್ದರಲ್ಲಿ ‘ನೆಟೆ ನಿರೋಧಕ’ (ನೆಟೆ ಅಂದರೆ ಗಿಡ ಬಾಡಿ ಸಾಯುವ ರೋಗ) ಎಂದು ಬಿತ್ತಿದ ಟಿಎಸ್-3ಆರ್ ಕೂಡ ಇತ್ತು. ಹಾಗಾದರೆ ಆ ತಳಿಯ ತಡೆಶಕ್ತಿ ಮುಗಿಯಿತೇ?

ಗೊತ್ತಿದ್ದವರು ಪ್ರಮಾಣ, ಕಾಲ, ಕಾರಣ ಹಿಡಿದು ಬರೆಯಿರಿ. ‘ವಿಜ್ಞಾನಿಗಳು ಹೊಲಕ್ಕೆ ಬರಲ್ಲ’, ‘ರೈತರು ಮಾತು ಕೇಳಲ್ಲ’ ಎಂಬ ಎರಡು ವಾಕ್ಯ ಬಿಟ್ಟು ಏನು ಬೇಕಾದರೂ ಬರಲಿ.

ಸೂಕ್ಷ್ಮದರ್ಶಕ (ಸಸ್ಯರೋಗ ವಿಭಾಗ)

ತಡೆಶಕ್ತಿ ಮುಗಿದಿದೆ ಎನ್ನಲು ಆಧಾರ ಸಾಲದು. ಟಿಎಸ್-3ಆರ್‌ಗೆ ತಡೆ ಇರುವುದು ನೆಟೆ ತರುವ ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರಕ್ಕೆ. ಆ ವರ್ಷ ಹೆಚ್ಚಿನ ಹಾನಿ ಮಾಡಿದ್ದು ಇನ್ನೊಂದು ಶಿಲೀಂಧ್ರ ಮ್ಯಾಕ್ರೊಫೊಮಿನಾ ಫೆಸಿಯೋಲಿನಾ, ಅದು ತರುವ ರೋಗ ಒಣ ಬೇರು ಕೊಳೆ. ಗಿಡದ ಒಳಗೆ ಎರಡರ ದಾರಿಯೇ ಬೇರೆ. ಒಂದಕ್ಕೆ ಇರುವ ತಡೆ ಇನ್ನೊಂದಕ್ಕೆ ಕೆಲಸಕ್ಕೆ ಬರುವುದಿಲ್ಲ.

ಹೊಲದಲ್ಲೇ ಗುರುತಿಸಬಹುದು. ಪೂರ್ತಿ ಸತ್ತ ಗಿಡ ಬೇಡ, ಅರ್ಧ ಬಾಡಿದ್ದನ್ನು ಆರಿಸಿ ಬುಡ ಹಿಡಿದು ಎಳೆಯಿರಿ. ಫ್ಯುಸೇರಿಯಂ ನೆಟೆಯಾದರೆ ಬೇರು ಗಟ್ಟಿಯಾಗಿಯೇ ಇರುತ್ತದೆ, ಸುಲಭಕ್ಕೆ ಕಿತ್ತು ಬರುವುದಿಲ್ಲ. ಕಾಂಡದ ಬುಡದಿಂದ ಮೇಲಕ್ಕೆ ನೇರಳೆ ಬಣ್ಣದ ಪಟ್ಟಿ ಕಾಣುತ್ತದೆ. ಎಷ್ಟೋ ಸಲ ಒಂದು ಪಕ್ಕದ ಕೊಂಬೆ ಮಾತ್ರ ಬಾಡಿರುತ್ತದೆ. ಬುಡವನ್ನು ಚಾಕುವಿನಿಂದ ಉದ್ದಕ್ಕೆ ಸೀಳಿದರೆ ಒಳಗೆ ನೀರು ಸಾಗುವ ನಾಳಗಳು ಕಂದು ಅಥವಾ ಕಪ್ಪು ಗೆರೆಗಳಾಗಿ ಕಾಣುತ್ತವೆ.

ಒಣ ಬೇರು ಕೊಳೆಯಾದರೆ ಗಿಡ ಸಲೀಸಾಗಿ ಕೈಗೆ ಬರುತ್ತದೆ. ಪಕ್ಕದ ಬೇರು ಇರುವುದೇ ಇಲ್ಲ, ತಾಯಿ ಬೇರು ಲಟಕ್ಕನೆ ಮುರಿಯುತ್ತದೆ, ಅದರ ತುದಿ ಮಣ್ಣಲ್ಲೇ ಉಳಿಯುತ್ತದೆ. ಬೇರಿನ ತೊಗಟೆ ನಾರು ನಾರಾಗಿ ಸುಲಿದು ಬರುತ್ತದೆ. ಅದರ ಕೆಳಗೆ ಇದ್ದಿಲ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ ಕಂಡರೆ ಅವು ಶಿಲೀಂಧ್ರದ ಗಂಟುಗಳು. ಸಾದಾ ಭೂತಗನ್ನಡಿ ಸಾಕು.

ಹವೆಯೂ ಬೇರೆ. ಫ್ಯುಸೇರಿಯಂಗೆ ತಂಪು ಮಣ್ಣು ಹಿತ, ಹೂವು-ಕಾಯಿಯ ಹೊತ್ತಿಗೆ ಚಳಿ ಬಿದ್ದಾಗ ಬಾಡುವುದು ಎದ್ದು ಕಾಣುತ್ತದೆ. ಮ್ಯಾಕ್ರೊಫೊಮಿನಾಗೆ 30–35 ಡಿಗ್ರಿ ಬಿಸಿ ಮತ್ತು ಒಣ ಮಣ್ಣು ಬೇಕು. ಮೊದಲು ವಿಪರೀತ ಮಳೆಯಾಗಿ ನೀರು ನಿಂತು ಬೇರು ಮೇಲ್ಪದರದಲ್ಲೇ ಉಳಿದು, ಆಮೇಲೆ ಮಳೆ ಒಮ್ಮೆಲೇ ಕೈಕೊಟ್ಟರೆ ಅದಕ್ಕೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಎರೆ ಮಣ್ಣು ಬಿರುಕು ಬಿಟ್ಟಾಗ ಪಕ್ಕದ ಬೇರು ಹರಿದು ಗಾಯವೂ ಆಗುತ್ತದೆ.

ಮೂರನೆಯದೊಂದಿದೆ, ಫೈಟಾಫ್ತೊರಾ ಮಚ್ಚೆ ರೋಗ. ಮಳೆಗಾಲದಲ್ಲೇ ಬರುತ್ತದೆ. ನೆಲದಿಂದ ಸ್ವಲ್ಪ ಮೇಲೆ ಕಾಂಡದಲ್ಲಿ ಕಂದು ಗಾಯ ಕುಳಿಬಿದ್ದು, ಗಾಳಿಗೆ ಗಿಡ ಅಲ್ಲೇ ಮುರಿಯುತ್ತದೆ. ಬೇರು ಚೆನ್ನಾಗಿರುತ್ತದೆ.

ಭೀಮಾತೀರ (ಯಾದಗಿರಿ)

ಸರ್, ನೀವು ಹೇಳೋದು ಖರೆ ಇರಬಹುದು. ಆದ್ರ ಬೀಜದ ಚೀಲದ ಮ್ಯಾಲ ‘ರೋಗ ನಿರೋಧಕ’ ಅಂತ ದೊಡ್ಡಕ್ಷರದಾಗ ಬರದಿರ್ತದ. ಯಾವ ರೋಗ, ಎಷ್ಟು ನಿರೋಧಕ, ಎಲ್ಲಿ ಪರೀಕ್ಷೆ ಮಾಡ್ಯಾರ ಅನ್ನೋದು ಒಂದೂ ಇರಂಗಿಲ್ಲ. ಈ ನಿರೋಧಕ ಅನ್ನೋದು ಹೆಂಗ ನಿರ್ಧಾರ ಆಗ್ತದ, ಅದನ್ನ ಒಂಚೂರು ಬಿಡಿಸಿ ಹೇಳ್ರಿ.

ಬೀಜಗೂಡು (ತಳಿ ಅಭಿವೃದ್ಧಿ)

ನೆಟೆಗೆ ಪರೀಕ್ಷೆ ನಡೆಯುವುದು ‘ರೋಗದ ತಾಕಿ’ನಲ್ಲಿ. ಒಂದು ತುಂಡು ನೆಲದಲ್ಲಿ ವರ್ಷ ವರ್ಷ ನೆಟೆ ಬಂದ ಗಿಡಗಳನ್ನೇ ಕತ್ತರಿಸಿ ಮಣ್ಣಿಗೆ ಸೇರಿಸಿ, ತೊಗರಿಯ ಮೇಲೆ ತೊಗರಿ ಬಿತ್ತಿ, ಬೇಕೆಂದೇ ರೋಗ ಬೆಳೆಸಿರುತ್ತಾರೆ. ಪರೀಕ್ಷೆಯ ಸಾಲುಗಳ ನಡುನಡುವೆ ರೋಗಕ್ಕೆ ಬೇಗ ಬೀಳುವ ಐಸಿಪಿ-2376ರಂಥ ತಳಿ ಹಾಕುತ್ತಾರೆ. ಅದು ಬಹುಪಾಲು ಸತ್ತರೆ ಮಾತ್ರ ಆ ವರ್ಷದ ಫಲಿತಾಂಶಕ್ಕೆ ಬೆಲೆ. ಅದೇ ಬದುಕಿದರೆ ರೋಗವೇ ಸರಿಯಾಗಿ ಬಂದಿಲ್ಲ ಎಂದರ್ಥ, ಪಕ್ಕದ ಹೊಸ ಸಾಲು ಹಸಿರಾಗಿದ್ದು ಏನೂ ಹೇಳುವುದಿಲ್ಲ.

ನುಸಿ ಹರಡುವ ವೈರಾಣುವಿನಿಂದ ಗಿಡ ಹೂವೇ ಬಿಡದೆ ಗೊಡ್ಡಾಗುವ ಗೊಡ್ಡು ರೋಗಕ್ಕೆ ಬೇರೆ ವಿಧಾನ. ರೋಗದ ಎಲೆಯನ್ನು ಎಳೆ ಸಸಿಯ ಎಲೆಗೆ ಸ್ಟೇಪ್ಲರ್ ಪಿನ್ ಹೊಡೆದು ಅಂಟಿಸುತ್ತಾರೆ. ಎಲೆ ಒಣಗುತ್ತಿದ್ದಂತೆ ಅದರಲ್ಲಿರುವ ನುಸಿಗಳು ಹಸಿ ಎಲೆಗೆ ದಾಟುತ್ತವೆ, ಜೊತೆಗೆ ವೈರಾಣುವೂ ದಾಟುತ್ತದೆ. ಇಲ್ಲಿ ಹೋಲಿಕೆಗೆ ಇಡುವ ತಳಿ ಐಸಿಪಿ-8863, ಅಂದರೆ ನಮ್ಮ ಹಳೆಯ ಮಾರುತಿ. ನೆಟೆಗೆ ಗಟ್ಟಿ ಎಂದು 1986ರಲ್ಲಿ ಬಿಡುಗಡೆಯಾದ ಮಾರುತಿಯನ್ನೇ ಗೊಡ್ಡು ರೋಗದ ಪರೀಕ್ಷೆಯಲ್ಲಿ ರೋಗಕ್ಕೆ ಬೇಗ ಬೀಳುವ ಗಿಡವಾಗಿ ಬಳಸುತ್ತಾರೆ. ಭೀಮಾತೀರ ಅಣ್ಣಾ, ನಿಮ್ಮ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಯಾವ ರೋಗಕ್ಕೆ ಎಂದು ಹೇಳದೆ ‘ನಿರೋಧಕ’ ಎಂದರೆ ಅರ್ಧ ಮಾತು.

ಟಿಎಸ್-3ಆರ್ ಕೂಡ ಅದೇ ಗುಂಪು: ನೆಟೆಗೆ ತಡೆ ಇದೆ, ಗೊಡ್ಡಿಗೆ ಇಲ್ಲ. ಆಶಾ (ಐಸಿಪಿಎಲ್-87119) ಮತ್ತು ಬಿಎಸ್ಎಂಆರ್-736 ಎರಡಕ್ಕೂ ತಡೆಯುತ್ತವೆ, ಆದರೆ 175–180 ದಿನ ಹಿಡಿಯುತ್ತವೆ. ಮಡ್ಡಿ ಹೊಲದಲ್ಲಿ ಅಷ್ಟು ದಿನ ತೇವ ಉಳಿಯುವುದಿಲ್ಲ. ಟಿಎಸ್-3ಆರ್ ಸುಮಾರು 150 ದಿನಕ್ಕೆ ರಾಶಿಗೆ ಬರುವುದರಿಂದಲೇ ಅಷ್ಟು ಹಬ್ಬಿದ್ದು.

ಇನ್ನು ‘ಎಷ್ಟು ನಿರೋಧಕ’. ರೋಗದ ತಾಕಿನಲ್ಲಿ ಶೇ 10ರೊಳಗೆ ಗಿಡ ಸತ್ತರೆ ನಿರೋಧಕ ಎಂದು ಗುರುತಿಸುತ್ತಾರೆ. ಸಾಲಿನಿಂದ ಸಾಲಿಗೆ 90 ಸೆಂ.ಮೀ., ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಇಟ್ಟರೆ ಎಕರೆಗೆ ಸುಮಾರು 15,000 ಗಿಡ. ಅದರಲ್ಲಿ 1,500 ಸತ್ತರೂ ತಳಿ ತನ್ನ ದರ್ಜೆಯೊಳಗೇ ಇದೆ. ಸುಳ್ಳು ಹೇಳಿದಂತಾಗುವುದಿಲ್ಲ.

ಎರಿಹೊಲ (ಕಲಬುರಗಿ)

ಈ ಶೇ 10ರ ಲೆಕ್ಕವನ್ನು ಚೀಲದ ಮೇಲೆ ಹಾಕಿದರೆ ಅರ್ಧ ಜಗಳ ಮುಗಿಯುತ್ತದೆ. ಒಣ ಬೇರು ಕೊಳೆಗೆ ಹೀಗೆ ರೋಗದ ತಾಕು ಯಾಕೆ ಮಾಡುವುದಿಲ್ಲ?

ಬೀಜಗೂಡು (ತಳಿ ಅಭಿವೃದ್ಧಿ)

ಮಾಡುತ್ತಾರೆ, ಆದರೆ ಕಷ್ಟ. ಮಣ್ಣಲ್ಲಿ ಶಿಲೀಂಧ್ರ ಇದ್ದರಷ್ಟೇ ಸಾಲದು, ಸರಿಯಾದ ಹೊತ್ತಿಗೆ ಬಿಸಿಯೂ ಬರವೂ ಬೇಕು. ಒಂದು ಮಳೆ ಬಿದ್ದರೆ ಆ ವರ್ಷದ ಪರೀಕ್ಷೆ ಹೋಯಿತು. ಅದಕ್ಕೇ ಪ್ರಯೋಗಾಲಯದಲ್ಲಿ ಎಳೆ ಸಸಿಯ ಬೇರನ್ನು ಶಿಲೀಂಧ್ರ ಬೆಳೆಸಿದ ಒದ್ದೆ ಒರೆಗಾಗದದಲ್ಲಿ ಸುತ್ತಿ, 35 ಡಿಗ್ರಿಯಲ್ಲಿ ಇಟ್ಟು ನೋಡುವ ವಿಧಾನವಿದೆ. ವಾರದೊಳಗೆ ಅಂಕ ಸಿಗುತ್ತದೆ. ಆದರೆ ಅದು ಸಸಿಯ ಬೇರಿನ ಅಂಕ. ನವೆಂಬರಿನಲ್ಲಿ ಕಾಯಿ ಹೊತ್ತ ಗಿಡ ಏನು ಮಾಡುತ್ತದೆ ಎಂಬುದು ಬೇರೆ ಮಾತು. ಫ್ಯುಸೇರಿಯಂಗೆ ಸಿಕ್ಕಷ್ಟು ಗಟ್ಟಿ ತಡೆ ಇದಕ್ಕೆ ಇನ್ನೂ ಸಿಕ್ಕಿಲ್ಲ.

ಭೀಮಾತೀರ (ಯಾದಗಿರಿ)

ಹಂಗಾದ್ರ ಬೆಳೆ ಬದಲಿ ಮಾಡೋದೇ ದಾರಿ. ಒಂದ್ ವರ್ಷ ತೊಗರಿ, ಒಂದ್ ವರ್ಷ ಜೋಳ. ಹಿರೇರು ಮಾಡ್ಕೋತ ಬಂದಿದ್ದು ಅದೇ ಅಲ್ರಿ.

ಸೂಕ್ಷ್ಮದರ್ಶಕ (ಸಸ್ಯರೋಗ ವಿಭಾಗ)

ಫ್ಯುಸೇರಿಯಂ ನೆಟೆಗೆ ಈ ಮಾತು ನೂರಕ್ಕೆ ನೂರು ಸರಿ. ಅದು ತೊಗರಿಗೇ ಅಂಟಿದ ಶಿಲೀಂಧ್ರ. ಕೂಳೆಯಲ್ಲಿ ಸುಮಾರು ಮೂರು ವರ್ಷ ಬದುಕುತ್ತದೆ, ತೊಗರಿ ಸಿಗದಿದ್ದರೆ ಕ್ಷೀಣಿಸುತ್ತದೆ. ಜೋಳದ ಜೊತೆ ಅಂತರ ಬೆಳೆ ಅಥವಾ ಬದಲಿ ಬೆಳೆ ಮಾಡಿದಲ್ಲಿ ನೆಟೆ ಕಡಿಮೆಯಾಗುವುದು ಹಳೆಯ ಪ್ರಯೋಗಗಳಲ್ಲೇ ಸಾಬೀತಾಗಿದೆ.

ಆದರೆ ಒಣ ಬೇರು ಕೊಳೆಗೆ ಅದೇ ಉಪಾಯ ನಡೆಯುವುದಿಲ್ಲ. ಮ್ಯಾಕ್ರೊಫೊಮಿನಾ 500ಕ್ಕೂ ಹೆಚ್ಚು ಜಾತಿಯ ಗಿಡಗಳ ಮೇಲೆ ಬದುಕುತ್ತದೆ. ಹಿಂಗಾರಿ ಜೋಳದಲ್ಲಿ ತೆನೆ ಕಟ್ಟುವಾಗ ಬುಡ ಟೊಳ್ಳಾಗಿ ದಂಟು ಮಲಗುವ ಇದ್ದಿಲು ಕೊಳೆ ಇದೆಯಲ್ಲ, ಅದೂ ಇದೇ ಶಿಲೀಂಧ್ರ. ಕಡಲೆಯ ಒಣ ಬೇರು ಕೊಳೆ, ಸೋಯಾದ ಇದ್ದಿಲು ಕೊಳೆ, ಸೂರ್ಯಕಾಂತಿಯ ಬುಡ ಕೊಳೆ, ಎಲ್ಲದರಲ್ಲೂ ಇದೇ. ಬೀದರಿನ ಸೋಯಾ-ತೊಗರಿ ಜೋಡಿಯಲ್ಲಿ ಎರಡೂ ಬೆಳೆ ಅದಕ್ಕೆ ಊಟ ಹಾಕುತ್ತವೆ. ಹಾಗಾಗಿ ಯಾವ ರೋಗ ಎಂದು ಬೇರು ನೋಡಿ ತೀರ್ಮಾನಿಸದೆ ಬೆಳೆ ಬದಲಿಸಿದರೆ ಅರ್ಧ ಹೊಲಗಳಲ್ಲಿ ಫಲ ಕಾಣುವುದಿಲ್ಲ. ಆಗ ಬೆಳೆ ಬದಲಿಯ ಮೇಲಿನ ನಂಬಿಕೆಯೇ ಹೋಗುತ್ತದೆ, ಅದು ಇನ್ನೂ ದೊಡ್ಡ ನಷ್ಟ.

ಒಣ ಬೇರು ಕೊಳೆಗೆ ಕೈಲಿರುವ ಅಸ್ತ್ರ ನೀರಿನ ನಿರ್ವಹಣೆ. ಮಳೆಗಾಲದಲ್ಲಿ ಪ್ರತಿ ಎರಡು ಅಥವಾ ನಾಲ್ಕು ಸಾಲಿಗೆ ಒಂದು ದೋಣಿ ಸಾಲು ಎಳೆದು ಹೆಚ್ಚಿನ ನೀರು ಹೊರಹಾಕಿ, ಬೇರು ಆಳಕ್ಕೆ ಇಳಿಯುತ್ತದೆ. ಬಿರುಕು ಬಿಡುವ ಮೊದಲೇ ಎಡೆ ಹೊಡೆದು ಮೇಲೆ ಪುಡಿ ಮಣ್ಣಿನ ಪದರ ಮಾಡಿ. ಕೃಷಿ ಹೊಂಡವಿದ್ದರೆ ಹೂವಿನಿಂದ ಕಾಯಿ ಕಟ್ಟುವ ನಡುವೆ ಒಂದು ರಕ್ಷಣಾ ನೀರು ಕೊಡಿ, ದೊಡ್ಡ ಬಿರುಕು ಬಿಟ್ಟ ಮೇಲೆ ಅಲ್ಲ. ಎಕರೆಗೆ 30 ಮಿ.ಮೀ. ಎಂದರೆ 1.2 ಲಕ್ಷ ಲೀಟರ್. ಅಷ್ಟಿಲ್ಲದಿದ್ದರೆ ಒಂದು ಬಿಟ್ಟು ಒಂದು ಸಾಲಿಗೆ ಹರಿಸಿ.

ಒಣಗಲು ಶುರುವಾದ ಮೇಲೆ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಬುಡಕ್ಕೆ ಸುರಿಯುವುದು ದುಡ್ಡು ಮಣ್ಣಿಗೆ ಸುರಿದಂತೆ. ಔಷಧ ಹೀರಿಕೊಳ್ಳಲು ಅಲ್ಲಿ ಬೇರೇ ಉಳಿದಿರುವುದಿಲ್ಲ.

ಗಂಜ್_ಕಾಟಾ (ಕಲಬುರಗಿ)

ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ ಟ್ರೈಕೊಡರ್ಮಾ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ?

ಸೂಕ್ಷ್ಮದರ್ಶಕ (ಸಸ್ಯರೋಗ ವಿಭಾಗ)

ಬೀಜಕ್ಕೆ ಕಿಲೋಗೆ 4 ಗ್ರಾಂ ಲೇಪನ. ಮಣ್ಣಿಗಾದರೆ ಎಕರೆಗೆ 2 ಕಿಲೋ ಪುಡಿಯನ್ನು ಒಂದು ಕ್ವಿಂಟಲ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ನೀರು ಚಿಮುಕಿಸಿ, ನೆರಳಲ್ಲಿ ಗೋಣಿ ತಾಟು ಮುಚ್ಚಿ 10–15 ದಿನ ಇಡಬೇಕು. ನಡುವೆ ಒಂದೆರಡು ಸಲ ಮಗುಚಬೇಕು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ನೀರು ಜಿನುಗಬಾರದು. ಮೇಲೆ ಹಸಿರು ಬೂಸ್ಟು ಹರಡಿದರೆ ತಯಾರು. ಬಿತ್ತುವ ಮುಂಚೆ ಹಸಿ ಮಣ್ಣಿಗೆ ಚೆಲ್ಲಿ ಕುಂಟೆ ಹೊಡೆಯಿರಿ.

ಕೆಡುವುದು ಎಲ್ಲಿ? ಹಸಿ ಸಗಣಿಯಲ್ಲಿ ಬೆರೆಸಿದರೆ ಅದರ ಕಾವಿಗೇ ಸಾಯುತ್ತದೆ. ಕಾರ್ಬೆಂಡಜಿಮ್ ಲೇಪಿಸಿದ ಬೀಜಕ್ಕೆ ಮೇಲಿಂದ ಟ್ರೈಕೊಡರ್ಮಾ ಹಚ್ಚಿದರೆ ಮೊದಲನೆಯದು ಎರಡನೆಯದನ್ನು ಕೊಲ್ಲುತ್ತದೆ, ಎರಡರಲ್ಲಿ ಒಂದನ್ನು ಆರಿಸಿ. ಗ್ರಾಂಗೆ ಕನಿಷ್ಠ 20 ಲಕ್ಷ ಜೀವಂತ ಕಣ ಇರಬೇಕೆಂಬ ನಿಯಮವಿದೆ. ಅಂಗಡಿಯ ತಗಡಿನ ಮಾಡಿನ ಕೆಳಗೆ ಏಪ್ರಿಲ್-ಮೇ ಕಳೆದ ಪ್ಯಾಕೆಟ್‌ನಲ್ಲಿ ಅಷ್ಟು ಉಳಿಯುವುದು ಅನುಮಾನ. ತಯಾರಿಸಿದ ತಾರೀಖು ನೋಡಿ ಕೊಳ್ಳಿ.

ನಿರೀಕ್ಷೆಗೂ ಮಿತಿ ಇರಲಿ. ತೇವವಿರುವಾಗ ಮಾತ್ರ ಅದು ಚುರುಕು. ನವೆಂಬರಿನ ಒಣ ಮಣ್ಣಲ್ಲಿ ಅದರಿಂದ ಪವಾಡ ಆಗುವುದಿಲ್ಲ.

ಮಾಂಜ್ರಾ (ಬೀದರ್)

ನಾಟಿ ಪದ್ಧತಿ ಬಗ್ಗೆ ಬರೆಯುತ್ತೇನೆ, ನಮ್ಮ ಕಡೆಯದು. ಲಾಭ ಇಷ್ಟೇ: ಮಳೆ ಬರುವ ಹೊತ್ತಿಗೆ ಗಿಡಕ್ಕೆ ಆಗಲೇ ತಿಂಗಳ ವಯಸ್ಸಾಗಿರುತ್ತದೆ. ಮಿರಗ ತಡವಾದರೂ ಬೆಳೆಯ ಕಾಲ ತಪ್ಪುವುದಿಲ್ಲ, ಗಿಡ ದೊಡ್ಡದಾಗಿ ಹಬ್ಬುತ್ತದೆ.

4×6 ಇಂಚಿನ ಪ್ಲಾಸ್ಟಿಕ್ ಚೀಲ, ತಳದ ಕಡೆ ನಾಲ್ಕಾರು ತೂತು. ಮಣ್ಣು, ಮರಳು, ಕಳಿತ ಗೊಬ್ಬರ ಸಮ ಪಾಲು. ಬರೀ ಎರೆ ಮಣ್ಣು ತುಂಬಿದರೆ ನೀರು ಹಾಕಿದ ಮೇಲೆ ಕಲ್ಲಾಗಿ ಬೇರು ಉಸಿರು ಕಟ್ಟುತ್ತದೆ. ಮೇ ಮೊದಲ-ಎರಡನೇ ವಾರದಲ್ಲಿ ಚೀಲಕ್ಕೆ ಎರಡು ಬೀಜ, ಹುಟ್ಟಿದ ಮೇಲೆ ಒಂದೇ ಗಿಡ ಉಳಿಸಬೇಕು. ಬಿಸಿಲು ಜೋರಿದ್ದರೆ ಮೇಲೆ ಶೇಡ್ ನೆಟ್ ಇಲ್ಲವೇ ತೆಂಗಿನ ಗರಿ, ನಾಟಿಗೆ ವಾರ ಮುಂಚೆ ತೆಗೆದು ಗಿಡವನ್ನು ಬಿಸಿಲಿಗೆ ಪಳಗಿಸಬೇಕು.

ಅಂತರ 5×3 ಅಡಿ ಇಟ್ಟರೆ ಎಕರೆಗೆ 2,904 ಗಿಡ. ಸತ್ತ ಜಾಗಕ್ಕೆ ತುಂಬಲು ಸೇರಿ 3,100–3,200 ಚೀಲ ಮಾಡಿಕೊಳ್ಳಿ. ಬೀಜ ಒಂದು ಕಿಲೋ ಒಳಗೇ ಸಾಕು. ನೇರ ಬಿತ್ತನೆಗೆ 4–5 ಕಿಲೋ ಬೇಕಾಗುತ್ತದೆ. ಆದರೆ ಒಂದೊಂದು ಚೀಲಕ್ಕೆ ಅರ್ಧ ಕಿಲೋ ಮಣ್ಣು ಎಂದರೂ ಒಂದೂವರೆ ಟನ್. ಅದನ್ನು ತುಂಬುವವರು ಯಾರು, ಹೊಲಕ್ಕೆ ಸಾಗಿಸುವುದು ಹೇಗೆ ಎಂದು ಮೊದಲೇ ಯೋಚಿಸಿ. ಈ ಪದ್ಧತಿ ಬಿಟ್ಟವರು ಹೆಚ್ಚಾಗಿ ಇಲ್ಲೇ ಬಿಟ್ಟಿದ್ದಾರೆ, ಇಳುವರಿ ಕಡಿಮೆ ಎಂದಲ್ಲ.

25–35 ದಿನದ ಸಸಿ ನೆಡಬೇಕು. 40 ದಿನ ದಾಟಿದರೆ ತಾಯಿ ಬೇರು ಚೀಲದ ತಳಕ್ಕೆ ತಾಗಿ ಸುರುಳಿ ಸುತ್ತುತ್ತದೆ. ಅಂಥದ್ದನ್ನು ನೆಟ್ಟರೆ ಬೇರು ಆಳಕ್ಕೆ ಇಳಿಯುವುದಿಲ್ಲ. ಮೇಲೆ ಗಿಡ ಚೆನ್ನಾಗಿಯೇ ಕಂಡು, ಕಾಯಿ ತುಂಬುವಾಗ ಮೊದಲು ಒಣಗುವುದು ಅದೇ. ಮಳೆ ತಡವಾಗಿ ಸಸಿ ಬಲಿತುಬಿಟ್ಟಿದ್ದರೆ ಚೀಲದ ತಳದ ಅರ್ಧ ಇಂಚು ಬ್ಲೇಡಿನಿಂದ ಕತ್ತರಿಸಿ, ಸುತ್ತಿದ ಬೇರು ತೆಗೆದು ನೆಡಿ. ಸಂಜೆ ಹೊತ್ತು, ಹಸಿ ನೆಲ, ಮಣ್ಣಿನ ಹೆಂಟೆ ಒಡೆಯದಂತೆ.

ಸಸಿ ಮಡಿಯಲ್ಲೇ ಎಲೆ ಸಣ್ಣದಾಗಿ, ತಿಳಿ ಹಸಿರು-ಹಳದಿ ಮಚ್ಚೆ ಬಂದರೆ ಆ ಚೀಲ ಎಸೆಯಿರಿ. ಅದು ಗೊಡ್ಡು ರೋಗ. ಹೊಲಕ್ಕೆ ಹೋದರೆ ಸುತ್ತಲಿನವಕ್ಕೂ ಹಂಚುತ್ತದೆ.

ಭೀಮಾತೀರ (ಯಾದಗಿರಿ)

ಮಾಂಜ್ರಾ ಅಣ್ಣಾರ, ನೀರಿಲ್ಲದ ಕಡೆ ಮೇ ತಿಂಗಳದಾಗ ಮೂರ್ ಸಾವಿರ ಚೀಲಕ್ಕ ದಿನಾ ನೀರ್ ಎಲ್ಲಿಂದ ತರೂದ್ರಿ?

ಮಾಂಜ್ರಾ (ಬೀದರ್)

ನಿಮ್ಮ ಮಾತು ಸರಿ. ಬೋರ್ ಇಲ್ಲದವರು ಮನೆ ಹತ್ತಿರ ಇಟ್ಟು ಕೊಡದಿಂದ ಹಾಕಬೇಕು. ಚೀಲಕ್ಕೆ 50 ಮಿ.ಲೀ. ಹಿಡಿದರೂ ದಿನಕ್ಕೆ 150 ಲೀಟರ್ ಆಯಿತು. ಒಂದು ಎಕರೆಗೆ ಆದೀತು, ಐದು ಎಕರೆಗೆ ಆಗದು. ಹಾಗಿದ್ದಲ್ಲಿ ನೇರ ಬಿತ್ತನೆಯೇ ಇರಲಿ. ಬೀಜ ಗಟ್ಟಿಗೊಳಿಸಲು ಲೀಟರ್ ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ, ಒಂದು ತಾಸು ನೆನೆಸಿ, ನೆರಳಲ್ಲಿ ಏಳು ತಾಸು ಆರಿಸಿ ಬಿತ್ತಿ. ರಾತ್ರಿಯಿಡೀ ನೆನೆಸಿದರೆ ಸಿಪ್ಪೆ ಬಿಟ್ಟು ಕೂರಿಗೆಯಲ್ಲೇ ಒಡೆಯುತ್ತದೆ.

ಎರಿಹೊಲ (ಕಲಬುರಗಿ)

ಕುಡಿ ಚಿವುಟುವುದು ಬಹಳ ಜನಕ್ಕೆ ಗೊತ್ತು, ಮಾಡುವ ಹೊತ್ತು ಮಾತ್ರ ತಪ್ಪುತ್ತದೆ. 45–55 ದಿನದ ಬೆಳೆಯಲ್ಲಿ ತುದಿಯ 5–6 ಸೆಂ.ಮೀ. ಮಾತ್ರ ತೆಗೆಯಬೇಕು. ಬ್ಯಾಟರಿ ಯಂತ್ರದಲ್ಲಿ ಮಾಡುವಾಗ ಕೈ ಇಳಿದು ಒಂದು ಗೇಣು ಕತ್ತರಿಸಿದರೆ ಕೊಂಬೆ ಒಡೆಯಬೇಕಾದ ಗೆಣ್ಣುಗಳೇ ಹೋಗುತ್ತವೆ. 60 ದಿನದ ಮೇಲೆ ಬೇಡ, ಹೂವು ಹಿಂದಕ್ಕೆ ಹೋಗಿ ಕಾಯಿ ತುಂಬುವ ಹೊತ್ತಿಗೆ ತೇವ ಇರುವುದಿಲ್ಲ. ನೆಲ ಒಣಗಿ ಗಿಡ ಬಾಡಿದ್ದಾಗಲೂ ಬೇಡ, ಒಂದು ಮಳೆ ಕಾಯಿರಿ.

ಜುಲೈ ಮಧ್ಯದ ನಂತರ ಬಿತ್ತಿದ ತೊಗರಿಗೆ ಇದರಿಂದ ಹೇಳುವಂಥ ಲಾಭವಿಲ್ಲ. ಹಗಲು ಗಿಡ್ಡವಾಗುತ್ತಲೇ ತೊಗರಿ ಹೂವಿಗೆ ಬರುತ್ತದೆ, ಹೊಸ ಕೊಂಬೆಗೆ ಬೆಳೆಯಲು ಸಮಯವೇ ಸಿಗುವುದಿಲ್ಲ. ಸಾಲು ಒತ್ತಾಗಿದ್ದರೂ ಅಷ್ಟೇ, ಕೊಂಬೆ ಒಡೆದರೂ ಬಿಸಿಲು ಬೀಳದೆ ಸೊರಗುತ್ತವೆ.

ಗಂಜ್_ಕಾಟಾ (ಕಲಬುರಗಿ)

ಪಲ್ಸ್ ಮ್ಯಾಜಿಕ್ ಬಗ್ಗೆ ಚಿಕ್ಕದಾಗಿ. ಶೇ 10 ಸಾರಜನಕ, ಶೇ 40 ರಂಜಕ, ಶೇ 3 ಲಘು ಪೋಷಕಾಂಶ, 20 ಪಿಪಿಎಂ ಬೆಳವಣಿಗೆ ಚೋದಕ. ಲೀಟರ್‌ಗೆ 10 ಗ್ರಾಂ, ಎಕರೆಗೆ 200 ಲೀಟರ್, ಅಂದರೆ ಸಲಕ್ಕೆ 2 ಕಿಲೋ. ಅರ್ಧ ಗಿಡ ಹೂ ಬಿಟ್ಟಾಗ ಒಮ್ಮೆ, 15 ದಿನ ಬಿಟ್ಟು ಇನ್ನೊಮ್ಮೆ. ತೊಗರಿ ಬಿಟ್ಟ ಹೂವಿನಲ್ಲಿ ಬಹುಪಾಲು ತಾನಾಗಿಯೇ ಉದುರಿಸುತ್ತದೆ. ಈ ಸಿಂಪಡಣೆ ಅದರಲ್ಲಿ ಒಂದಿಷ್ಟು ಉಳಿಸುತ್ತದೆ, ಅಷ್ಟೇ. ಹುಳುವಿಗೆ ಇದು ಔಷಧವಲ್ಲ.

ಬಕೆಟ್ ನೀರಲ್ಲಿ ಮೊದಲು ಕರಗಿಸಿ, ಬಟ್ಟೆಯಲ್ಲಿ ಸೋಸಿ ಟ್ಯಾಂಕಿಗೆ ಹಾಕಿ. ರಂಜಕ ಇಷ್ಟು ಇರುವುದರಿಂದ ಕ್ಯಾಲ್ಸಿಯಂ ಇರುವ ಗೊಬ್ಬರದ ಜೊತೆ ಬೆರೆಸಿದರೆ ಹಾಲಿನಂತೆ ಒಡೆದು ಕೆಳಗೆ ಕೂಡುತ್ತದೆ, ನಾಝಲ್ ಕಟ್ಟುತ್ತದೆ. ತೀರಾ ಗಡಸು ಬೋರ್ ನೀರಲ್ಲೂ ಇದೇ ತೊಂದರೆ. ಒಂದು ಗ್ಲಾಸಿನಲ್ಲಿ ಬೆರೆಸಿ ಕಾಲು ತಾಸು ನೋಡಿ.

ಡ್ರೋನ್‌ನವರು ಎಕರೆಗೆ 10 ಲೀಟರ್ ಮಾತ್ರ ಹೊಡೆಯುತ್ತಾರೆ. ಲೀಟರ್ ಲೆಕ್ಕದಲ್ಲಿ ಹಾಕಿದರೆ ಎಕರೆಗೆ ಬೀಳುವುದು 100 ಗ್ರಾಂ, ಎಕರೆ ಲೆಕ್ಕದಲ್ಲಿ ಎರಡೂ ಕಿಲೋ ಹಾಕಿದರೆ ಎಲೆ ಸುಡುವಷ್ಟು ಗಟ್ಟಿ. ಇದಕ್ಕೆ ಪಂಪೇ ವಾಸಿ.

ಮಾಂಜ್ರಾ (ಬೀದರ್)

ಪಟಾಂಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರು 2025ರಲ್ಲಿ ಬೇಸಿಗೆ ತೊಗರಿ ಪ್ರಕಟಿಸಿದರಲ್ಲ, ಐಸಿಪಿವಿ-25444. 45 ಡಿಗ್ರಿ ತಡೆಯುತ್ತದೆ, 125 ದಿನಕ್ಕೆ ಬರುತ್ತದೆ, ಹೆಕ್ಟೇರಿಗೆ 2 ಟನ್ ಎನ್ನುತ್ತಾರೆ. ಕರ್ನಾಟಕದಲ್ಲೂ ಪರೀಕ್ಷೆ ಆಗಿದೆ. ಅದು ವಿಶ್ವವಿದ್ಯಾಲಯದ್ದಲ್ಲ, ಆದರೂ ನಮ್ಮ ಹೊಲಕ್ಕೆ ಬರುವುದು ಖಂಡಿತ.

ಬೀಜಗೂಡು (ತಳಿ ಅಭಿವೃದ್ಧಿ)

ಅದರ ಹಿಂದಿನ ಕೆಲಸವೇ ನಿಜವಾದ ಸುದ್ದಿ. ತೊಗರಿ ಹಗಲಿನ ಉದ್ದ ನೋಡಿ ಹೂ ಬಿಡುವ ಬೆಳೆಯಾದ್ದರಿಂದ ವರ್ಷಕ್ಕೆ ಒಂದೇ ಪೀಳಿಗೆ ಸಿಗುತ್ತಿತ್ತು. ಒಂದು ತಳಿಗೆ 13 ವರ್ಷದವರೆಗೂ ಹಿಡಿಯುತ್ತಿತ್ತು. ಬೆಳಕು, ಉಷ್ಣತೆ ನಿಯಂತ್ರಿಸಿದ ಕೋಣೆಯಲ್ಲಿ ಬೆಳೆಸಿ, ಬಲಿಯುವ ಮುಂಚೆಯೇ ಕಾಳು ತೆಗೆದು ಮತ್ತೆ ಬಿತ್ತಿ, ಬೀಜದ ಚೂರು ಕೆತ್ತಿ ಜೀನ್ ಪರೀಕ್ಷೆ ಮಾಡಿ, ವರ್ಷಕ್ಕೆ 2ರಿಂದ 4 ಪೀಳಿಗೆ ಪಡೆಯುವ ವಿಧಾನವನ್ನು ಅವರು 2024ರಲ್ಲಿ ಹೊರತಂದರು. 13 ವರ್ಷದ ಕೆಲಸ 5 ವರ್ಷಕ್ಕೆ ಇಳಿಯುತ್ತದೆ. 2011ರಲ್ಲೇ ಆಶಾ ತಳಿಯ ಜೀನೋಮ್ ಓದಿ 48,680 ಜೀನ್ ಗುರುತಿಸಿದ್ದು ಈಗ ಉಪಯೋಗಕ್ಕೆ ಬರುತ್ತಿದೆ. ಆದರೆ ನೆನಪಿರಲಿ, ಕೋಣೆಯಲ್ಲಿ ಪೀಳಿಗೆ ಬೇಗ ಓಡಿಸಬಹುದು, ಹೊಲದ ಪರೀಕ್ಷೆಯ ಮಳೆಗಾಲಗಳನ್ನು ಓಡಿಸಲಾಗದು.

ಸೂಕ್ಷ್ಮದರ್ಶಕ (ಸಸ್ಯರೋಗ ವಿಭಾಗ)

ಬೇಸಿಗೆ ತೊಗರಿ ಬಗ್ಗೆ ಒಂದು ಎಚ್ಚರಿಕೆ. ಗೊಡ್ಡು ರೋಗದ ವೈರಾಣುವನ್ನು ಹೊರುವ ನುಸಿ ಕಣ್ಣಿಗೆ ಕಾಣದು, ಸುಮಾರು 0.2 ಮಿ.ಮೀ. ಗಾಳಿಯಲ್ಲಿ ಹಾರಿ ದೂರ ಹೋಗುತ್ತದೆ. ತೊಗರಿ ಮತ್ತು ಅದರ ಕಾಡು ಬಂಧುಗಳ ಮೇಲೆಯೇ ಬದುಕುತ್ತದೆ. ಏಪ್ರಿಲ್-ಮೇಯಲ್ಲಿ ಊರೆಲ್ಲ ಹಸಿರು ತೊಗರಿ ಇಲ್ಲದಿರುವುದೇ ಈಗ ನಮಗಿರುವ ದೊಡ್ಡ ರಕ್ಷಣೆ. ನೀರಾವರಿ ಪ್ರದೇಶದಲ್ಲಿ ಬೇಸಿಗೆ ತೊಗರಿ ಹಬ್ಬಿದರೆ ನುಸಿಗೆ ವರ್ಷವಿಡೀ ಮನೆ ಸಿಕ್ಕಂತೆ, ಜೂನ್‌ನಲ್ಲಿ ಹುಟ್ಟಿದ ಸಸಿಗೆ ನೇರ ದಾಟುತ್ತದೆ. 45 ದಿನದೊಳಗೆ ತಗುಲಿದ ಗಿಡ ಹೂವೇ ಬಿಡುವುದಿಲ್ಲ. ಬೆಳೆಯುವವರು ಬೆಳೆಯಲಿ, ಮಳೆಗಾಲದ ಬಿತ್ತನೆಗೆ ಮುಂಚೆ ಅದನ್ನು ಬೇರು ಸಹಿತ ತೆಗೆಯಬೇಕು. ಬದುವಿನ ಮೇಲೆ ಬಿಟ್ಟ ಹಳೆ ತೊಗರಿ ಗಿಡ, ಕೂಳೆ ಚಿಗುರು ಈಗಲೂ ತೆಗೆಯಬೇಕಾದವೇ.

ಭೀಮಾತೀರ (ಯಾದಗಿರಿ)

ಮನಿ ಬೀಜ ಎಷ್ಟ್ ವರ್ಷ ನಡೀತದ್ರಿ?

ಬೀಜಗೂಡು (ತಳಿ ಅಭಿವೃದ್ಧಿ)

ಮೂರು ವರ್ಷಕ್ಕೆ ಬದಲಿಸಿ. ತೊಗರಿ ಹೂವಿಗೆ ಜೇನು ಬರುತ್ತದೆ, ಪಕ್ಕದ ಹೊಲದ ಪರಾಗ ಸೇರುತ್ತದೆ. ಪ್ರಮಾಣಿತ ಬೀಜದ ತಾಕಿಗೇ 100 ಮೀಟರ್ ಅಂತರ ಕೇಳುತ್ತಾರೆ, ನಮ್ಮಲ್ಲಿ ನಡುವೆ ಇರುವುದು ಒಂದು ಬದು. ಟಿಎಸ್-3ಆರ್ ಎಂದು ಐದಾರು ವರ್ಷ ಮನೆಯಲ್ಲೇ ಉಳಿಸಿದ್ದು ಅಷ್ಟರೊಳಗೆ ಬೆರಕೆಯಾಗಿರುತ್ತದೆ, ಫ್ಯುಸೇರಿಯಂ ತಡೆಯೂ ಸಡಿಲವಾಗಿರುತ್ತದೆ. ಮೊದಲ ಪ್ರಶ್ನೆಗೆ ಇದೂ ಒಂದು ಉತ್ತರ. ಚೀಟಿ ನೋಡಿ ಕೊಳ್ಳಿ: ತಳಿ ಬೀಜಕ್ಕೆ ಬಂಗಾರದ ಹಳದಿ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತಕ್ಕೆ ನೀಲಿ. ಹಸಿರು ಚೀಟಿ ಇದ್ದರೆ ಅದು ಮಾರುವವರೇ ಕೊಟ್ಟ ಭರವಸೆ, ಪ್ರಮಾಣನ ಸಂಸ್ಥೆ ಹೊಲ ನೋಡಿಲ್ಲ.

ಎರಿಹೊಲ (ಕಲಬುರಗಿ)

ಕೊನೆಯದು ಒಂದು. ಬೇರು ನೋಡಿಯೂ ಅನುಮಾನ ಉಳಿದರೆ ಮಾದರಿ ಹೇಗೆ ಕಳಿಸಬೇಕು? ಕಲಬುರಗಿಯ ಆಳಂದ ರಸ್ತೆಯ ಸಂಶೋಧನಾ ಕೇಂದ್ರಕ್ಕೆ ಬರುವ ಅರ್ಧ ಮಾದರಿಗಳು ಕೊಳೆತೇ ಬರುತ್ತವೆ ಎನ್ನುತ್ತಾರೆ.

ಸೂಕ್ಷ್ಮದರ್ಶಕ (ಸಸ್ಯರೋಗ ವಿಭಾಗ)

ಪ್ಲಾಸ್ಟಿಕ್ ಚೀಲದಲ್ಲಿ ಹಾಕುವುದರಿಂದ. ಅರ್ಧ ಬಾಡಿದ ನಾಲ್ಕೈದು ಗಿಡ, ಜೊತೆಗೆ ಹೋಲಿಕೆಗೆ ಚೆನ್ನಾಗಿರುವ ಒಂದು. ಎಳೆಯಬೇಡಿ, ಗುದ್ದಲಿಯಿಂದ ಒಂದಡಿ ಆಳ ಅಗೆದು ತಾಯಿ ಬೇರಿನ ತುದಿ ಸಹಿತ ಎತ್ತಿ. ಮಣ್ಣು ಕೊಡವಿ, ತೊಳೆಯಬೇಡಿ. ಬುಡದಿಂದ ಒಂದೂವರೆ ಅಡಿ ಬಿಟ್ಟು ಮೇಲಿನದು ಕತ್ತರಿಸಿ, ಹಳೆ ಪೇಪರಿನಲ್ಲಿ ಸುತ್ತಿ. ಬುಡದ ಮಣ್ಣು ಅರ್ಧ ಕಿಲೋ ಬೇರೆ ಚೀಲದಲ್ಲಿ. ಚೀಟಿಯಲ್ಲಿ ತಳಿ, ಬಿತ್ತಿದ ತಾರೀಖು, ಹಿಂದಿನ ಎರಡು ವರ್ಷದ ಬೆಳೆ, ಬೀಜಕ್ಕೆ ಹಚ್ಚಿದ್ದೇನು, ಗಿಡ ಅಲ್ಲಲ್ಲಿ ಒಣಗಿದೆಯೋ ತಗ್ಗಿನಲ್ಲಿ ಮಾತ್ರವೋ, ಇಷ್ಟು ಬರೆದರೆ ಅರ್ಧ ಕೆಲಸ ಮುಗಿದ ಹಾಗೆ. ಶುಕ್ರವಾರ ಸಂಜೆ ಕಿತ್ತು ಕಳಿಸಬೇಡಿ. ಎರಡು ದಿನ ಬಾಗಿಲ ಹೊರಗೆ ಬಿದ್ದ ಬೇರಿನಲ್ಲಿ ಬೂಸ್ಟು ಬೆಳೆದರೆ ಅದರ ಕೆಳಗಿದ್ದ ರೋಗ ಹುಡುಕುವುದು ಕಷ್ಟ.